ಹದಿನಾಲ್ಕನೇ ತಾರೀಖಿನ ಫೋಟೋ

"ಸರ್, ಮನೆ ಖರ್ಚೆಲ್ಲಾ ಕಾರ್ಡಲ್ಲೇ ನಡೀತಿದೆಯಾ?"

ಸಾಲದ ಅರ್ಜಿ ಹಿಡಿದು ಕೂತಿದ್ದಾಗ ಎದುರಿನ ಕುರ್ಚಿಯಿಂದ ಬಂದ ಪ್ರಶ್ನೆ ಇದು. ಕೇಳಿದ ಅಧಿಕಾರಿಯ ದನಿಯಲ್ಲಿ ಕೊಂಕು ಇರಲಿಲ್ಲ. ಡಾಕ್ಟರು "ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ" ಅಂತ ಕೇಳ್ತಾರಲ್ಲ, ಹಾಗೆ ಕೇಳಿದರು ಆಕೆ. ಆದರೂ ನನ್ನ ಕಿವಿ ಬಿಸಿಯಾಯಿತು. ಕ್ರೆಡಿಟ್ ಕಾರ್ಡ್ ತಗೊಂಡು ಏಳು ವರ್ಷ ಆಗಿತ್ತು, ಏಳು ವರ್ಷದಲ್ಲಿ ಒಂದೇ ಒಂದು ಬಿಲ್ ತಡ ಮಾಡಿದವನಲ್ಲ ನಾನು. ಮಿನಿಮಮ್ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳಿದವನೂ ಅಲ್ಲ. ಸಂಬಳ ಬಂದ ಮಾರನೇ ದಿನ, ಅಂದರೆ ಎರಡನೇ ತಾರೀಖು, ಪೂರ್ತಿ ಬಿಲ್ ತಾನಾಗಿಯೇ ಖಾತೆಯಿಂದ ಹೋಗುವ ಹಾಗೆ ಇಟ್ಟಿದ್ದೆ. ಕಾರ್ಡಿನ ಬಡ್ಡಿ ಎಷ್ಟಿದೆ ಅಂತಲೇ ನನಗೆ ಗೊತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಓಡಾಡುವವರ ಪೈಕಿ ನಾನು.

ಆಕೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ಕೆಳಗಿಳಿದಿತ್ತು. ಮೂರು ತಿಂಗಳ ಹಿಂದೆ ನಾನೇ ನೋಡಿದ್ದಕ್ಕಿಂತ ಐವತ್ತು ಚಿಲ್ಲರೆ ಅಂಕ ಕಮ್ಮಿ. ಅದರ ಕೆಳಗೆ ನನ್ನ ಒಂದೇ ಒಂದು ಕಾರ್ಡ್, ಲಿಮಿಟ್ ಒಂದು ಲಕ್ಷ, ಬಾಕಿ ಎಂಬತ್ತನಾಲ್ಕು ಸಾವಿರ. ಬಳಕೆ: ಶೇ. 84.

"ಮೇಡಂ, ಅದನ್ನು ಪೂರ್ತಿ ಕಟ್ಟಿದ್ದೀನಿ," ಅಂದೆ. ಫೋನ್ ತೆಗೆದು ತೋರಿಸಿದೆ. ಬಾಕಿ ಸೊನ್ನೆ. ಆಕೆ ಫೋನ್ ನೋಡಿದರು, ಸ್ಕ್ರೀನ್ ನೋಡಿದರು, "ಇರಬಹುದು ಸರ್, ಇಲ್ಲಿ ಹಾಗೆ ಬಂದಿಲ್ಲ" ಅಂದರು. ಅಷ್ಟೇ. ಎಂಬತ್ತನಾಲ್ಕರಲ್ಲಿ ಹತ್ತಿರ ಹತ್ತಿರ ಅರ್ಧ ಆಫೀಸಿನ ಕೆಲಸಕ್ಕೆ ಓಡಾಡಿದ ಟಿಕೆಟ್ಟು, ಹೋಟೆಲ್ ರೂಮಿನದ್ದು. ಆಫೀಸು ಅದನ್ನು ವಾಪಸ್ ಕೊಟ್ಟೂ ಆಗಿತ್ತು, ದುಡ್ಡು ಬ್ಯಾಂಕಿನಲ್ಲಿ ಬಿದ್ದಿತ್ತು. ಇದನ್ನೆಲ್ಲಾ ಹೇಳೋಣ ಅಂತ ಬಾಯಿ ತೆರೆದೆ. ಆದರೆ ಸಾಲ ಕೇಳಲು ಬಂದವನು ವಿವರಣೆ ಕೊಡಲು ಶುರು ಮಾಡಿದರೆ ಹೇಗೆ ಕಾಣುತ್ತಾನೆ ಅಂತ ನನಗೇ ಗೊತ್ತಾಗಿ ಸುಮ್ಮನಾದೆ.

ಆ ಪ್ರಶ್ನೆ ಮಾತ್ರ ಮನೆಗೂ ಬಂತು. ತಿಂಗಳುಗಟ್ಟಲೆ ಜೊತೆಗೇ ಇತ್ತು.

ಕಟ್ಟಿದ ದಿನ ಯಾರೂ ನೋಡಲ್ಲ

ನಮಗೆಲ್ಲಾ ಕಾರ್ಡಿಗೆ ಸಂಬಂಧಪಟ್ಟ ಒಂದೇ ತಾರೀಖು ಗೊತ್ತು, ಹಣ ಕಟ್ಟಲು ಕೊನೇ ದಿನ. ಮೆಸೇಜ್ ಬರುವುದು ಅದಕ್ಕೇ, ದಂಡ ಬೀಳುವುದೂ ಅದಕ್ಕೇ. ಅದಕ್ಕೂ ಸುಮಾರು ಮೂರು ವಾರ ಮುಂಚೆ ಇನ್ನೊಂದು ತಾರೀಖು ಇರುತ್ತದೆ, ಬಿಲ್ ತಯಾರಾಗುವ ದಿನ. ನನ್ನ ಕಾರ್ಡಿನಲ್ಲಿ ಅದು ಹದಿನಾಲ್ಕು. ಏಳು ವರ್ಷದಲ್ಲಿ ಅದನ್ನು ನಾನು ಒಂದು ಸಲವೂ ಗಮನಿಸಿರಲಿಲ್ಲ. ಬಿಲ್ ಯಾವತ್ತು ಬಂದರೇನು, ಕಟ್ಟುವುದು ಎರಡಕ್ಕೆ ತಾನೇ?

ಆದರೆ ಕಾರ್ಡ್ ಕಂಪನಿಗಳು ಸಾಮಾನ್ಯವಾಗಿ ಕ್ರೆಡಿಟ್ ಬ್ಯೂರೋಗೆ, ಅಂದರೆ ಎಲ್ಲರ ಸಾಲದ ಲೆಕ್ಕ ಇಟ್ಟುಕೊಳ್ಳುವ ಸಂಸ್ಥೆಗೆ, ಕಳಿಸುವುದು ಬಿಲ್ ತಯಾರಾದ ಹೊತ್ತಿನ ಬಾಕಿಯನ್ನು. ಹದಿನಾಲ್ಕಕ್ಕೆ ಎಷ್ಟಿತ್ತೋ ಅಷ್ಟು. ಬ್ಯೂರೋದವರ ಕಡತದಲ್ಲಿ ಮುಂದಿನ ಸಲ ಮಾಹಿತಿ ಬರುವವರೆಗೂ ನಾನು ಅದೇ ಬಾಕಿದಾರ. ಎರಡನೇ ತಾರೀಖು ನಾನು ಪೂರ್ತಿ ಕಟ್ಟಿದ್ದು "ಸಮಯಕ್ಕೆ ಕಟ್ಟಿದ್ದಾನೆ" ಅಂತ ಒಂದು ಗುರುತಾಗಿ ದಾಖಲಾಗುತ್ತದೆ, ಅದು ನಿಜ, ಒಳ್ಳೆಯದೇ. ಆದರೆ ಬಾಕಿ ಎಷ್ಟು ಅನ್ನುವ ಕಾಲಂನಲ್ಲಿ ಆ ಸೊನ್ನೆ ಬರುವುದೇ ಇಲ್ಲ. ಯಾಕೆಂದರೆ ಎರಡರಿಂದ ಹದಿನಾಲ್ಕರೊಳಗೆ ನಾನು ಮತ್ತೆ ಉಜ್ಜಿರುತ್ತೇನೆ. ಕಟ್ಟಿದ ಬಿಲ್ಲಿನ ಆಚೆ ಹೊಸ ಖರ್ಚು ಸೇರಿಕೊಂಡೇ ಇರುತ್ತದೆ. ಮದುವೆ ಮನೆ ಫೋಟೋಗ್ರಾಫರ್ ಪ್ರತಿ ಸಲವೂ ನಾವು ಬಾಯಿ ತುಂಬಾ ತುಂಬಿಕೊಂಡಾಗಲೇ ಕ್ಲಿಕ್ ಮಾಡುತ್ತಾನಲ್ಲ, ಅದೇ ಕಥೆ. ಕೈ ತೊಳೆದು ಬಂದು ನೆಟ್ಟಗೆ ಕೂತಾಗ ಅವನು ಇರುವುದಿಲ್ಲ.

(ಎಲ್ಲಾ ಕಾರ್ಡ್ ಕಂಪನಿಗಳೂ ಬಿಲ್ ದಿನವೇ ಕಳಿಸಬೇಕೆಂದಿಲ್ಲ. ಕೆಲವರು ತಿಂಗಳ ಕೊನೆಗೆ ಕಳಿಸುತ್ತಾರೆ, ಕೆಲವು ಕಡೆ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಸಲ ಹೋಗುತ್ತದೆ. ನಿಮ್ಮದು ಯಾವತ್ತು ಅಂತ ತಿಳಿಯಬೇಕಾದರೆ ಕ್ರೆಡಿಟ್ ರಿಪೋರ್ಟ್ ತೆಗೆದು ಅದರಲ್ಲಿರುವ ಬಾಕಿಯನ್ನು ಹಳೇ ಬಿಲ್‌ಗಳ ಪಕ್ಕ ಇಟ್ಟು ನೋಡಿ. ಹತ್ತು ನಿಮಿಷದ ಕೆಲಸ. ನಾನು ಮಾಡಿದ್ದು ಏಳು ವರ್ಷ ಆದಮೇಲೆ.)

ಲೆಕ್ಕ ಬಹಳ ಸುಲಭ. ಬಾಕಿಯನ್ನು ಲಿಮಿಟ್‌ನಿಂದ ಭಾಗಿಸಿದರೆ ಬಳಕೆ, ಅಂದರೆ ಯುಟಿಲೈಸೇಶನ್. ಎಲ್ಲಾ ಕಾರ್ಡ್ ಸೇರಿಸಿ ಒಂದು ಸಲ, ಒಂದೊಂದು ಕಾರ್ಡನ್ನೂ ಬೇರೆಬೇರೆಯಾಗಿ ಇನ್ನೊಂದು ಸಲ ನೋಡುತ್ತಾರೆ. ಒಟ್ಟು ಬಳಕೆ ಕಮ್ಮಿ ಇದ್ದರೂ ಒಂದು ಕಾರ್ಡ್ ಕುತ್ತಿಗೆವರೆಗೂ ತುಂಬಿದ್ದರೆ ಅದಕ್ಕೂ ಒಂದಿಷ್ಟು ಅಂಕ ಹೋಗಬಹುದು. ಮನೆಯವರಿಗೆ ಕೊಡಿಸಿದ ಆಡ್-ಆನ್ ಕಾರ್ಡಿನ ಖರ್ಚೂ ನಿಮ್ಮ ಬಾಕಿಗೇ ಬರುತ್ತದೆ, ಲಿಮಿಟ್ ಎಲ್ಲರಿಗೂ ಸೇರಿ ಒಂದೇ.

ಸಂಬಳ ಎಲ್ಲೂ ಇಲ್ಲ

ಅವತ್ತು ನನಗೆ ಜಾಸ್ತಿ ಚುಚ್ಚಿದ್ದು ಇದು: ಬ್ಯಾಂಕಿನಲ್ಲಿ ದುಡ್ಡಿದೆ, ಸಂಬಳ ಸರಿಯಾಗಿ ಬರ್ತಿದೆ, ಅದನ್ನು ಯಾರೂ ಲೆಕ್ಕಕ್ಕೇ ತಗೊಳಲ್ವಾ? ಸ್ಕೋರಿನ ಮಟ್ಟಿಗೆ ಇಲ್ಲ. ಸಾಲ ಕೊಡುವವರು ಸಂಬಳದ ಚೀಟಿ ಬೇರೆಯಾಗಿ ಕೇಳುತ್ತಾರೆ, ಅದು ಬೇರೆ ಮಾತು. ಸ್ಕೋರ್ ಲೆಕ್ಕ ಹಾಕುವ ಯಂತ್ರಕ್ಕೆ ನಮ್ಮ ಸಂಬಳ ಗೊತ್ತಿಲ್ಲ, ಉಳಿತಾಯ ಗೊತ್ತಿಲ್ಲ, ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಾವು ಮಾಡಿದ ಸಾಲಗಳು ಮಾತ್ರ.

ಬಿಲ್ ಫೇರ್ ಅನ್ನುವ ಎಂಜಿನಿಯರ್, ಅರ್ಲ್ ಐಸಾಕ್ ಅನ್ನುವ ಗಣಿತಜ್ಞ ಸೇರಿ 1956ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಶುರು ಮಾಡಿದರು. ಅದೇ ಮುಂದೆ ಫೈಕೋ ಆಯಿತು, ಈ ಥರದ ಸ್ಕೋರ್ ಮಾಡುವ ಕಂಪನಿ. 1989ರಲ್ಲಿ ಬ್ಯೂರೋ ಕಡತಗಳ ಮೇಲೆ ಎಲ್ಲರಿಗೂ ಹೊಂದುವ ಸ್ಕೋರ್ ಬಂತು. ಅವರೇ ಹೊರಗೆ ಹೇಳಿರುವ ಲೆಕ್ಕದ ಪ್ರಕಾರ, ಸಮಯಕ್ಕೆ ಕಟ್ಟಿದ ಚರಿತ್ರೆಗೆ ಶೇ. 35 ತೂಕ, ಎಷ್ಟು ಬಾಕಿ ಇದೆ ಅನ್ನುವುದಕ್ಕೆ ಶೇ. 30. ಕಾರ್ಡಿನ ಬಳಕೆ ಬರುವುದು ಈ ಮೂವತ್ತರಲ್ಲೇ, ಅದರಲ್ಲೂ ದೊಡ್ಡ ಪಾಲು ಅದರದ್ದೇ. ಉಳಿದದ್ದು ಖಾತೆಗಳ ವಯಸ್ಸು, ಹೊಸ ಅರ್ಜಿಗಳು, ಸಾಲದ ಬಗೆಗಳು. ಬೇರೆ ಕಂಪನಿಗಳ ಸ್ಕೋರುಗಳಲ್ಲಿ ತೂಕ ಬೇರೆ ಇರಬಹುದು, ಅಳತೆಪಟ್ಟಿಯೂ ಬೇರೆ, ಫೈಕೋದ್ದು 300ರಿಂದ 850, ನಮ್ಮ ದೇಶದ ಸಿಬಿಲ್‌ನದ್ದು 300ರಿಂದ 900. ಆದರೆ ಈ ಎರಡು ವಿಷಯ ಎಲ್ಲಾ ಕಡೆಯೂ ಮುಂದಿನ ಸಾಲಿನಲ್ಲೇ ಕೂತಿರುತ್ತವೆ.

ಮತ್ತೆ ಆ ಸ್ಕೋರ್ ಹೇಳುವುದಾದರೂ ಏನನ್ನು? ನಾನು ಅಷ್ಟು ದಿನ ಅದನ್ನು ನಡತೆ ಸರ್ಟಿಫಿಕೇಟ್ ಅಂದುಕೊಂಡಿದ್ದೆ. ಶಾಲೆಯಲ್ಲಿ ಕೊಡ್ತಿದ್ದರಲ್ಲ, "ನಡತೆ: ತೃಪ್ತಿಕರ". ಫೈಕೋ ಸ್ಕೋರ್ ಊಹಿಸಲು ಹೊರಟಿರುವುದು ಒಂದೇ ಸಂಗತಿ, ಮುಂದಿನ 24 ತಿಂಗಳಲ್ಲಿ ಈ ಮನುಷ್ಯ ಯಾವುದಾದರೂ ಸಾಲವನ್ನು 90 ದಿನ ಅಥವಾ ಅದಕ್ಕಿಂತ ಜಾಸ್ತಿ ತಡ ಮಾಡುವ ಸಾಧ್ಯತೆ ಎಷ್ಟು. ಲಕ್ಷಾಂತರ ಹಳೇ ಕಡತ ಗುಡ್ಡೆ ಹಾಕಿ ನೋಡಿದಾಗ, ಕಟ್ಟಲಾಗದೆ ಕೈಚೆಲ್ಲಿದವರ ಕಾರ್ಡು ಅದಕ್ಕೆ ಮುಂಚೆಯೇ ತುಂಬುತ್ತಾ ಬಂದಿರುತ್ತಿತ್ತು. ಕಂತು ತಪ್ಪುವುದು ಕೊನೆಗೆ. ಮೊದಲು ಲಿಮಿಟ್ ತುಂಬುತ್ತದೆ. ಹಾಗಾಗಿ ಲಿಮಿಟ್ ತುಂಬಿದವರನ್ನು ಕಂಡರೆ ಯಂತ್ರ ಹುಬ್ಬು ಗಂಟಿಕ್ಕುತ್ತದೆ. ಅದು ಟಿಕೆಟ್ಟಿಗೋ ಆಸ್ಪತ್ರೆಗೋ ಜೂಜಿಗೋ, ಅದಕ್ಕೆ ಕಾಣಿಸುವುದಿಲ್ಲ.

ಸ್ಕೋರಿಗೋಸ್ಕರ ಬಾಕಿ ಇಡುತ್ತಿದ್ದ ಮನುಷ್ಯ

ಈ ವಿಷಯ ಆಫೀಸಿನಲ್ಲಿ ಊಟಕ್ಕೆ ಕೂತಾಗ ಎತ್ತಿದೆ. ಎತ್ತಿದ್ದೇ ತಡ, ಎಲ್ಲರ ಹತ್ತಿರವೂ ಒಂದೊಂದು ಸೂತ್ರ. ನನಗಿಂತ ಹಿರಿಯರು ಒಬ್ಬರು, ಲೆಕ್ಕಪತ್ರ ವಿಭಾಗದವರು, ತುಂಬಾ ವಿಶ್ವಾಸದಿಂದ ಹೇಳಿದರು: "ನೀವು ಮಾಡ್ತಿರೋ ತಪ್ಪೇ ಅದು. ಪೂರ್ತಿ ಕಟ್ಟಬಾರದು. ಪ್ರತಿ ತಿಂಗಳು ಸ್ವಲ್ಪ ಉಳಿಸಬೇಕು. ಆಗಲೇ ಸ್ಕೋರ್ ಬೆಳೆಯೋದು." ಎಷ್ಟು ವರ್ಷದಿಂದ ಹೀಗೆ ಮಾಡ್ತಿದ್ದೀರಿ ಸರ್ ಅಂತ ಕೇಳಿದೆ. ನಾಲ್ಕು ವರ್ಷದಿಂದಲಂತೆ. ಬಡ್ಡಿ ಬೀಳಲ್ವಾ ಅಂದರೆ "ಸ್ವಲ್ಪ ಬೀಳತ್ತೆ, ಅದು ಸ್ಕೋರಿನ ಗೊಬ್ಬರ" ಅಂದರು. ಎಲ್ಲರೂ ನಕ್ಕರು. ಒಬ್ಬಿಬ್ಬರು ತಲೆಯನ್ನೂ ಆಡಿಸಿದರು.

ನನಗೆ ಆಗ ಉತ್ತರ ಗೊತ್ತಿರಲಿಲ್ಲ, ಆಮೇಲೆ ಹುಡುಕಿ ನೋಡಿದೆ. ಬಾಕಿ ಮುಂದಕ್ಕೆ ತಳ್ಳಿ ಬಡ್ಡಿ ಕಟ್ಟಿದರೆ ಅದಕ್ಕೆ ಒಂದು ಅಂಕವೂ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹಾಗೆ ಸ್ವಲ್ಪ ಉಳಿಸಿದರೆ ಬಹಳಷ್ಟು ಕಾರ್ಡುಗಳಲ್ಲಿ ಬಡ್ಡಿಯಿಲ್ಲದ ಆ ಮೂರು ವಾರದ ಸವಲತ್ತೇ ಹೋಗುತ್ತದೆ. ಆಮೇಲೆ ಹೊಸದಾಗಿ ಏನೇ ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಅವರು ಉಳಿಸಿದ್ದ "ಸ್ವಲ್ಪ"ಕ್ಕೆ ಮಾತ್ರ ಬಡ್ಡಿ ಬೀಳುತ್ತಿದೆ ಅಂತ ಅವರು ಅಂದುಕೊಂಡಿದ್ದರು.

ಈ ಸುಳ್ಳು ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ ಅಂತ ಯೋಚಿಸಿದರೆ, ನನಗನ್ನಿಸುವುದು, ಎರಡು ಬೇರೆ ಸಂಗತಿಗೆ ನಾವು ಒಂದೇ ಪದ ಬಳಸುತ್ತೇವೆ. ಬಾಕಿ. ಹದಿನಾಲ್ಕಕ್ಕೆ ಬಿಲ್ಲಲ್ಲಿ ಕಾಣುವುದೂ ಬಾಕಿ, ಕೊನೇ ದಿನ ಕಟ್ಟದೆ ಬಿಟ್ಟದ್ದೂ ಬಾಕಿ. ಮೊದಲನೆಯದು ಒಂದಿಷ್ಟು ಕಂಡರೆ ಒಳ್ಳೆಯದು, ನಿಜ. ಎಲ್ಲಾ ಕಾರ್ಡೂ ಸೊನ್ನೆ ತೋರಿಸಿದರೆ ಕೆಲವು ಸ್ಕೋರ್‌ಗಳಲ್ಲಿ ಒಂದಿಷ್ಟು ಅಂಕ ಕಮ್ಮಿಯೇ ಬರುತ್ತದೆ, ಕಾರ್ಡ್ ಬಳಸುತ್ತಾನೋ ಇಲ್ಲವೋ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಬಿಲ್ಲಲ್ಲಿ ಸಣ್ಣ ಮೊತ್ತ ಕಾಣಲಿ, ಅದನ್ನು ಪೂರ್ತಿ ಕಟ್ಟಿ ಅನ್ನುವ ಮಾತು ಬಾಯಿಂದ ಬಾಯಿಗೆ ಬರುತ್ತಾ ಬರುತ್ತಾ "ಪೂರ್ತಿ ಕಟ್ಟಬೇಡಿ" ಆಗಿಬಿಟ್ಟಿದೆ. ಮಾರನೇ ದಿನ ಆ ಹಿರಿಯರಿಗೆ ಇದನ್ನು ಹೇಳಿದೆ. ನಂಬಲಿಲ್ಲ. ಎರಡು ವಾರ ಬಿಟ್ಟು ಅವರೇ ಬಂದು, ಒಂದು ವರ್ಷದ ಬಡ್ಡಿ ಕೂಡಿ ನೋಡಿದೆ ಅಂದರು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಆ ಪ್ರಸಿದ್ಧ ಮೂವತ್ತು. ಬಳಕೆ ಶೇ. 30ರೊಳಗಿರಲಿ ಅಂತ ಎಲ್ಲರೂ ಹೇಳ್ತಾರೆ. 29ಕ್ಕೆ ಸ್ವರ್ಗ, 31ಕ್ಕೆ ನರಕ ಅನ್ನುವ ಹಾಗೆ. ಹಾಗೇನಿಲ್ಲ, ಅದೊಂದು ಇಳಿಜಾರು, ಮೇಲೆ ಹೋದಷ್ಟೂ ಕಾಲು ಜಾರುತ್ತದೆ. ತುಂಬಾ ಒಳ್ಳೆಯ ಸ್ಕೋರ್ ಇರುವವರ ಬಳಕೆ ಸಾಮಾನ್ಯವಾಗಿ ಶೇ. 10ಕ್ಕಿಂತ ಕೆಳಗೇ ಇರುತ್ತದೆ. ಮೂವತ್ತು ಅನ್ನುವುದು ನೆನಪಿಟ್ಟುಕೊಳ್ಳಲು ಸುಲಭ, ಅಷ್ಟೇ ಅದರ ಹೆಚ್ಚುಗಾರಿಕೆ.

ಕತ್ತರಿ

ಈಗ ನನ್ನ ಇನ್ನೊಂದು ಜಾಣತನ ಹೇಳಿಬಿಡಬೇಕು. ಆ ಸಾಲದ ಮೇಜಿನ ಮುಂದೆ ಕೂರುವ ನಾಲ್ಕೈದು ತಿಂಗಳು ಮುಂಚೆ ನನ್ನ ಹತ್ತಿರ ಎರಡು ಕಾರ್ಡ್ ಇದ್ದವು. ಎರಡನೆಯದರ ಲಿಮಿಟ್ ಒಂದೂವರೆ ಲಕ್ಷ. ಬಳಸುತ್ತಲೇ ಇರಲಿಲ್ಲ, ಡ್ರಾಯರಿನಲ್ಲಿ ಬಿದ್ದಿತ್ತು. ಸಾಲಕ್ಕೆ ಅರ್ಜಿ ಹಾಕುವವನ ಹೆಸರಲ್ಲಿ ಕಾರ್ಡ್ ಕಮ್ಮಿ ಇದ್ದಷ್ಟೂ ಗೌರವ ಅಂತ ನನಗೆ ನಾನೇ ತೀರ್ಮಾನಿಸಿ, ಫೋನ್ ಮಾಡಿ ಕ್ಲೋಸ್ ಮಾಡಿಸಿದೆ. ಆ ಕಡೆಯ ಹುಡುಗ ಪಾಪ, ಇಟ್ಟುಕೊಳ್ಳಿ ಸರ್, ವಾರ್ಷಿಕ ಶುಲ್ಕವೂ ಇಲ್ಲ ಅಂತ ಎರಡು ಸಲ ಹೇಳಿದ. ಮಾರಾಟದ ಮಾತು ಅಂದುಕೊಂಡೆ. ಒಂದು ಭಾನುವಾರ ಕತ್ತರಿ ತಂದು, ಚಿಪ್ಪಿನ ಮಧ್ಯಕ್ಕೆ ಸರಿಯಾಗಿ ಬರುವ ಹಾಗೆ ಕತ್ತರಿಸಿ, ನಾಲ್ಕು ತುಂಡು ಮಾಡಿದೆ. ಆ ಟಕ್ ಶಬ್ದ ಇನ್ನೂ ನೆನಪಿದೆ. ಏನೋ ದೊಡ್ಡ ಚಟ ಬಿಟ್ಟವನ ಹಾಗೆ ಅವತ್ತು ಸಂಜೆಯೆಲ್ಲಾ ಹಗುರ ಹಗುರ.

ಲೆಕ್ಕ ಮಾಡಿದ್ದು ಆಮೇಲೆ. ಎಂಬತ್ತನಾಲ್ಕು ಸಾವಿರ, ಎರಡು ಕಾರ್ಡಿನ ಎರಡೂವರೆ ಲಕ್ಷದ ಲಿಮಿಟ್‌ನಲ್ಲಿ ಒಟ್ಟು ಬಳಕೆ ಶೇ. 34ರ ಹತ್ತಿರ ಆಗುತ್ತಿತ್ತು. ಒಂದು ಕಾರ್ಡಿನ ಒಂದು ಲಕ್ಷದಲ್ಲಿ ಅದೇ 84 ಆಯಿತು. ಖರ್ಚು ಒಂದು ಕಾಸೂ ಹೆಚ್ಚಾಗಿಲ್ಲ. ಕತ್ತರಿ ಹಾಕಿದ್ದು ಪ್ಲಾಸ್ಟಿಕ್ಕಿಗಲ್ಲ, ಭಾಗಾಕಾರದ ಕೆಳಗಿನ ಸಂಖ್ಯೆಗೆ! ಬಳಸದ ಲಿಮಿಟ್ ಕೂಡಾ ಏನೋ ಒಂದು ಕೆಲಸ ಮಾಡುತ್ತಾ ಕೂತಿರುತ್ತದೆ ಅಂತ ಡ್ರಾಯರಿನಲ್ಲಿದ್ದಾಗ ತೋಚಲಿಲ್ಲ.

ಇದನ್ನು ಓದಿ ಯಾರೂ ಮುಚ್ಚಬೇಕೆಂದಿರುವ ಕಾರ್ಡನ್ನು ಸ್ಕೋರಿಗೆ ಹೆದರಿ ಇಟ್ಟುಕೊಳ್ಳಬೇಡಿ. ಜಾಸ್ತಿ ಶುಲ್ಕ ಇದ್ದರೆ, ಕೈ ತಡೆಯಲಾಗದೆ ಉಜ್ಜುವ ಅಭ್ಯಾಸ ಇದ್ದರೆ, ಮುಚ್ಚಿ. ಸಾಲಕ್ಕೆ ಹೋಗುವ ಮುನ್ನಾ ತಿಂಗಳು ಮಾತ್ರ ಬೇಡ. ಲಿಮಿಟ್ ಹೆಚ್ಚಿಸಲು ಕೇಳುವುದೂ ಒಂದು ದಾರಿ, ಆದರೆ ಕೆಲವರು ಅದಕ್ಕೆ ನಿಮ್ಮ ಕಡತವನ್ನು ಹೊಸ ಸಾಲದ ಅರ್ಜಿಯ ಹಾಗೆಯೇ ತೆಗೆದು ನೋಡುತ್ತಾರೆ, ಆ ನೋಟಕ್ಕೂ ಒಂದೆರಡು ಅಂಕ ಹೋಗಬಹುದು. ಕೇಳುವ ಮೊದಲೇ ವಿಚಾರಿಸಿ.

ಮರೆವು

ಈ ಕಥೆಯಲ್ಲಿ ಸಮಾಧಾನದ ಸಂಗತಿಯೂ ಒಂದಿದೆ. ಕಂತು ತಪ್ಪಿಸಿದರೆ ಅದರ ಕಲೆ ವರ್ಷಗಟ್ಟಲೆ ಇರುತ್ತದೆ. ಬಳಕೆಗೆ ಹಾಗಲ್ಲ. ಈಗಲೂ ಬಳಕೆಯಲ್ಲಿರುವ ಎಷ್ಟೋ ಸ್ಕೋರುಗಳಿಗೆ ಹಳೇ ತಿಂಗಳ ಬಾಕಿ ನೆನಪಿರುವುದಿಲ್ಲ. ಮುಂದಿನ ಸಲ ಕಮ್ಮಿ ಬಾಕಿ ಹೋಯಿತೆಂದರೆ ಅಂಕ ವಾಪಸ್. ನನಗೂ ಹಾಗೇ ಆಯಿತು. ಓಡಾಟ ನಿಂತು ಬಿಲ್ ಇಳಿದ ತಿಂಗಳೇ ಕಳೆದದ್ದರಲ್ಲಿ ಮುಕ್ಕಾಲು ಪಾಲು ತಿರುಗಿ ಬಂತು. ಸಾಲದ ಅರ್ಜಿ ಇಲ್ಲದ ತಿಂಗಳಲ್ಲಿ ಬಳಕೆ ಮೇಲೆ ಹೋದರೆ ಹೋಗಲಿ, ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಆದರೆ ಈ ಮರೆವೂ ಹೋಗುವ ಹಾಗಿದೆ. 2017ರಲ್ಲಿ ಬಂದ ವಾಂಟೇಜ್‌ಸ್ಕೋರ್ 4.0 (ಅಮೆರಿಕದ್ದೇ ಇನ್ನೊಂದು ಕಂಪನಿಯ ಸ್ಕೋರ್), 2020ರಲ್ಲಿ ಬಂದ ಫೈಕೋ 10ಟಿ ಹಿಂದಿನ ತಿಂಗಳುಗಳನ್ನೂ ತಿರುವಿ ನೋಡುತ್ತವೆ, ಫೈಕೋದ್ದಂತೂ ಎರಡು ವರ್ಷಕ್ಕೂ ಜಾಸ್ತಿ. ಬಾಕಿ ಏರುತ್ತಿದೆಯಾ, ಇಳಿಯುತ್ತಿದೆಯಾ, ಬಿಲ್ ಬಂದಾಗ ಎಷ್ಟು ಕಟ್ಟಿದ. ಫೋಟೋ ಹೋಗಿ ವಿಡಿಯೋ ಬಂದ ಹಾಗೆ. ನನ್ನಂಥವನಿಗೆ ಇದು ಖುಷಿಯ ಸುದ್ದಿ ಆಗಬೇಕು. ಪ್ರತಿ ತಿಂಗಳು ಪೂರ್ತಿ ಕಟ್ಟಿದ್ದು ಕೊನೆಗಾದರೂ ಕಾಣುತ್ತದಲ್ಲ ಅಂತ ಮೊದಲು ಕುಣಿದೆ ಕೂಡಾ. ಆಮೇಲೆ ನನ್ನ ವಿಡಿಯೋವನ್ನು ನಾನೇ ಒಂದು ಸಲ ನೋಡೋಣ ಅನ್ನಿಸಿತು.

ಅವರು ಕೇಳಿದ್ದು

ಎರಡು ವರ್ಷದ ಬಿಲ್ ತೆಗೆದೆ. ಆಫೀಸಿನ ಓಡಾಟದ ಖರ್ಚನ್ನೆಲ್ಲಾ ಹೊಡೆದುಹಾಕಿದೆ. ನನ್ನ ಅಂದಾಜಿನಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ಉಳಿಯಬೇಕಿತ್ತು. ಉಳಿದದ್ದು ನಲವತ್ತೈದು, ಐವತ್ತು. ಪ್ರತಿ ತಿಂಗಳೂ. ದೊಡ್ಡದೇನೂ ಇಲ್ಲ, ಎಲ್ಲಾ ಚಿಲ್ಲರೆ, ಎಲ್ಲಾ ಸಂಸಾರದ್ದೇ.

ಸರಿ, ಫೋಟೋಕ್ಕೆ ಮುಂಚೆಯೇ ಕಟ್ಟಿಬಿಡೋಣ, ಹನ್ನೆರಡು ಹದಿಮೂರನೇ ತಾರೀಖಿಗೆ, ಆಗ ಬಿಲ್ಲಲ್ಲಿ ಚೂರೇ ಚೂರು ಕಾಣುತ್ತದೆ ಅಂದುಕೊಂಡೆ. ಎಲ್ಲರೂ ಹೇಳುವ ಉಪಾಯ ಅದು, ಕೆಲಸವೂ ಮಾಡುತ್ತದೆ. ಕೂತು ಲೆಕ್ಕ ಹಾಕಿದೆ. ಎರಡನೇ ತಾರೀಖು ಹಳೇ ಬಿಲ್ ಹೋಗಬೇಕು. ಹದಿಮೂರಕ್ಕೆ ಅಲ್ಲಿಯವರೆಗಿನ ಹೊಸ ಖರ್ಚೂ ಹೋಗಬೇಕು. ಎರಡೂ ಒಂದೇ ಸಂಬಳದಲ್ಲಿ. ಆಗುವುದಿಲ್ಲ. ಬಾಡಿಗೆ, ಫೀಸು, ಬೇರೆ ಕಂತು ಕಳೆದರೆ ಅಷ್ಟು ಉಳಿಯುವುದೇ ಇಲ್ಲ. ಎರಡು ಸಲ ಹಾಕಿದೆ ಲೆಕ್ಕ. ಎರಡು ಸಲವೂ ಅಷ್ಟೇ.

ಪೂರ್ತಿ ಬಿಲ್ ಕಟ್ಟುವವನು ಅಂತ ಎದೆ ತಟ್ಟಿಕೊಳ್ಳುತ್ತಿದ್ದೆನಲ್ಲ, ಕಟ್ಟುತ್ತಿದ್ದದ್ದು ಹೋದ ತಿಂಗಳದ್ದು. ಈ ತಿಂಗಳ ಸಂಬಳ ಹೋದ ತಿಂಗಳ ಊಟಕ್ಕೆ, ಈ ತಿಂಗಳ ಊಟ ಮುಂದಿನ ತಿಂಗಳ ಸಂಬಳಕ್ಕೆ. ಬಡ್ಡಿ ಇಲ್ಲ, ದಂಡ ಇಲ್ಲ, ಆದರೆ ಒಂದು ತಿಂಗಳು ಹಿಂದೆ ಬಿದ್ದು ಓಡುತ್ತಿದ್ದೆ. ಒಂದು ಸಂಬಳ ತಪ್ಪಿದ್ದರೆ ಅವತ್ತೇ ಎರಡು ತಿಂಗಳ ಖರ್ಚು ಒಟ್ಟಿಗೆ ಮೈಮೇಲೆ ಬೀಳುತ್ತಿತ್ತು. ಬ್ಯಾಂಕಿನಲ್ಲಿದ್ದ ಆ ದುಡ್ಡು? ಅದು ಆಫೀಸು ವಾಪಸ್ ಕೊಟ್ಟದ್ದು, ಮುಂದಿನ ಬಿಲ್ಲಿಗೆ ಹೋಗಬೇಕಾದದ್ದು. ನನ್ನದು ಅಂತ ನೋಡಿ ಖುಷಿ ಪಡುತ್ತಿದ್ದೆ, ಅಷ್ಟೇ.

ಮನೆ ಖರ್ಚೆಲ್ಲಾ ಕಾರ್ಡಲ್ಲೇ ನಡೀತಿದೆಯಾ? ಹೌದು ಮೇಡಂ, ನಡೀತಿತ್ತು.

ಆ ಒಂದು ತಿಂಗಳನ್ನು ಹಿಡಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಪ್ರತಿ ಸಂಬಳದಲ್ಲಿ ಒಂದಿಷ್ಟು ಎತ್ತಿಟ್ಟು, ದಿನಸಿಯನ್ನು ಕಾರ್ಡಿನಿಂದ ಆಚೆ ತಂದು, ಆಮೇಲೆ ಪೆಟ್ರೋಲು, ಆಮೇಲೆ ಔಷಧಿ. ಸ್ಕೋರಿಗೋಸ್ಕರ ಅಂತ ಶುರು ಮಾಡಿದ್ದು, ನಾಲ್ಕನೇ ತಿಂಗಳಿಗೆ ಸ್ಕೋರ್ ನೋಡುವುದೇ ಮರೆತುಹೋಗಿತ್ತು. ಎಂಟನೇ ತಿಂಗಳು ಹದಿನಾಲ್ಕಕ್ಕೆ ಬಿಲ್ ಬಂತು, ಲಿಮಿಟ್‌ನ ಶೇ. 7.

ಮತ್ತೆ ಸಾಲಕ್ಕೆ ಹೋದೆ. ಅದೇ ಮೇಜು, ಬೇರೆ ಅಧಿಕಾರಿ. ಈ ಸಲ ನಾನು ಎಲ್ಲಾ ತಯಾರಾಗಿ ಹೋಗಿದ್ದೆ, ಬಿಲ್ ದಿನ ಯಾವುದು, ಬ್ಯೂರೋಗೆ ಏನು ಹೋಗುತ್ತದೆ, ಕೇಳಿದರೆ ಹೇಗೆ ಶುರು ಮಾಡಬೇಕು ಅಂತ ದಾರಿಯುದ್ದಕ್ಕೂ ಮನಸ್ಸಲ್ಲೇ ಹೇಳಿಕೊಂಡು. ಅವರು ಸ್ಕ್ರೀನ್ ಮೇಲಿನಿಂದ ಕೆಳಗೆ ಸರಿಸಿದರು, ಕಾರ್ಡಿನ ಸಾಲಿನ ಹತ್ತಿರ ಒಂದು ಕ್ಷಣವೂ ನಿಲ್ಲಲಿಲ್ಲ. "ಇಲ್ಲೊಂದು ಸೈನ್ ಮಾಡಿ ಸರ್" ಅಂದರು. ನನಗೆ ಸ್ವಲ್ಪ ಬೇಜಾರೇ ಆಯಿತು.